ಇಲಿಯಮ್ಮನ ಹೆಬ್ಬೆರಳು

ಪ್ರಯೋಗಾಲಯದ ಪ್ರಾಣಿಕೋಣೆಯಲ್ಲಿ ಪಂಜರ ತೊಳೆಯುವುದು, ಹೊಟ್ಟು ಬದಲಿಸುವುದು, ನೀರಿನ ಬಾಟಲಿ ತುಂಬುವುದು ಆಕೆಯ ಕೆಲಸ. ಎಲ್ಲರ ಬಾಯಲ್ಲೂ ಆಕೆ ಇಲಿಯಮ್ಮ. ಬಾಗಿಲು ಕಾಯುವವನಂತೂ ಬೆಳಗ್ಗೆ ಕಂಡೊಡನೆ ಕೆಣಕುತ್ತಿದ್ದ: "ಏನಮ್ಮಾ, ಮಕ್ಕಳೆಲ್ಲ ಸೌಖ್ಯವಾ? ಒಬ್ಬನಾದ್ರೂ ಓದಿ ಡಾಕ್ಟರಾದ್ನಾ?"

"ನಿನಗಿಂತ ವಾಸಿ ಕಣೋ. ಕೂತಲ್ಲೇ ಗೊರಕೆ ಹೊಡಿಯಲ್ಲ."

ಆ ವರ್ಷ ಡಾಕ್ಟರಮ್ಮ ಹೊಸ ಪ್ರಯೋಗವೊಂದನ್ನು ಕೈಗೊಂಡಿದ್ದರು. ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕೂತಿರುವ ಅಡ್ರಿನಲ್ ಗ್ರಂಥಿಗಳನ್ನು ಅರ್ಧದಷ್ಟು ಇಲಿಗಳಿಂದ ತೆಗೆದಿದ್ದರು. ಉಳಿದವನ್ನು ಕೊಯ್ದು, ಗ್ರಂಥಿ ಮುಟ್ಟದೆ ಹಾಗೆಯೇ ಹೊಲಿದಿದ್ದರು. ಗ್ರಂಥಿ ಕಳೆದುಕೊಂಡವು ಬದುಕಲು ಉಪ್ಪುನೀರೇ ಬೇಕು. ಎಲ್ಲಕ್ಕೂ ಚುಚ್ಚುಮದ್ದು ಕೊಟ್ಟು, ದಿನವೂ ಕೆಲಹೊತ್ತು ಮಿಸುಕಾಡಲಾಗದ ಕೊಳವೆಯಲ್ಲಿ ಕೂಡಿಹಾಕಿ, ಆ ಮದ್ದಿಗೆ ಎದುರಾಗಿ ರಕ್ತದಲ್ಲಿ ರೋಗ ತಡೆಯುವ ಪ್ರತಿಕಾಯ ಎಷ್ಟು ಹುಟ್ಟಿತೆಂದು ನೋಡಬೇಕಿತ್ತು. ಹೆದರಿಕೆಯಲ್ಲಿ ಗ್ರಂಥಿ ಸುರಿಸುವ ರಸ ಪ್ರತಿಕಾಯವನ್ನು ಕುಗ್ಗಿಸುತ್ತದೆ, ಗ್ರಂಥಿಯೇ ಇಲ್ಲದಿದ್ದರೆ ಅದು ಕುಗ್ಗದು ಎಂಬುದು ಅವರ ಊಹೆ.

ಕೊಳವೆಯಿಂದ ಇಲಿಗಳನ್ನು ಹೊರತೆಗೆಯುವ ಕೆಲಸ ಇಲಿಯಮ್ಮನ ಪಾಲಿಗೆ ಬಂತು. ನಡುಗುವ ಜೀವವನ್ನು ಹಾಗೆಯೇ ಪಂಜರಕ್ಕೆ ಬಿಡಲು ಆಕೆಗೆ ಮನಸ್ಸು ಬರಲಿಲ್ಲ. ಒಂದೊಂದನ್ನೂ ಮಡಿಲಲ್ಲಿಟ್ಟುಕೊಂಡು ಹಣೆಯನ್ನು ಹೆಬ್ಬೆರಳಿನಿಂದ ಸವರುವಳು. ಉಸಿರು ತಹಬಂದಿಗೆ ಬಂದ ಮೇಲೆಯೇ ಬಿಡುವಳು. ಜ್ವರದಲ್ಲಿ ತೀರಿಕೊಂಡ ತನ್ನ ಮಗಳು ಸೂಜಿ ಕಂಡು ಬೆದರಿದಾಗಲೆಲ್ಲ ಅವಳ ಹಣೆಯನ್ನೂ ಹೀಗೆಯೇ ಸವರಿದ್ದಳು. ಕೈ ಅದನ್ನು ಮರೆತಿರಲಿಲ್ಲ.

ರಕ್ತ ಪರೀಕ್ಷಿಸಿದರೆ ಎರಡೂ ಗುಂಪಿನದು ಹೆಚ್ಚುಕಡಿಮೆ ಒಂದೇ ಫಲ: ಯಾವುದರಲ್ಲೂ ಪ್ರತಿಕಾಯ ಕುಗ್ಗಿರಲಿಲ್ಲ. ತಲೆಬುಡ ತಿಳಿಯದೆ ಡಾಕ್ಟರಮ್ಮ ಪ್ರಾಣಿಕೋಣೆಗೆ ಬಂದಾಗ, ಇಲಿಯಮ್ಮನ ಮಡಿಲಲ್ಲಿ ಇಲಿಯೊಂದು ಕಣ್ಣುಮುಚ್ಚಿ ಮಲಗಿತ್ತು.

"ದಿನಾ ಹೀಗೇನಾ ಅಮ್ಮಾ?"

"ಹೂಂ. ಪಾಪ, ಹೆದರ್ತಾವೆ."

"ಹೆದರಲಿ ಅಂತಾನೇ ಅಲ್ವಾ ಕೂಡಿಹಾಕೋದು!" ಗದರಿದ ದನಿ ಮರುಗಳಿಗೆಯೇ ಮೆತ್ತಗಾಯಿತು. "ತಪ್ಪು ನಂದೇ, ನಿಮಗೆ ಹೇಳಿರಲಿಲ್ಲ. ಇನ್ನು ಬೇರೆ ಇಲಿ ತರಿಸಿ ಮೊದಲಿಂದ ಮಾಡ್ಬೇಕು."

"ಮತ್ತೆ ಅಷ್ಟನ್ನೂ ಕೊಯ್ಬೇಕಾ? ನಾನು ಸವರಿದ್ದಕ್ಕಾ?"

ಡಾಕ್ಟರಮ್ಮ ಕಿಟಕಿಯತ್ತ ತಿರುಗಿದರು. "ಈ ಸಲ ಮುಟ್ಟಿ ಸಮಾಧಾನ ಮಾಡ್ಬೇಡಿ. ಮಾಡಿದ್ರೆ ಇನ್ನೊಂದಷ್ಟು ಹೋಗ್ತಾವೆ."

ಹೊಸ ಇಲಿಗಳು ಬಂದವು. ಮೂರನೆಯ ಸರದಿಯೊಂದು ಬಾರದಿರಲೆಂದು ಇಲಿಯಮ್ಮ ದಪ್ಪ ಕೈಗವಸು ತೊಟ್ಟಳು. ಕೊಳವೆಯಿಂದ ತೆಗೆದು ನೇರವಾಗಿ ಪಂಜರಕ್ಕೆ ಬಿಟ್ಟಳು. ಅವು ಮೂಲೆ ಸೇರಿ ನಡುಗುವಾಗ ಬೆನ್ನು ತಿರುಗಿಸಿ ಬಾಟಲಿ ತೊಳೆದಳು. ತೊಳೆದದ್ದನ್ನೇ ಮತ್ತೆ ತೊಳೆದಳು. ಬಾಗಿಲು ಕಾಯುವವ ಮಕ್ಕಳ ಕ್ಷೇಮ ಕೇಳಿದರೆ ಕೇಳಿಸದವಳಂತೆ ಒಳಗೆ ನಡೆದಳು.

ಕೊನೆಗೆ ಫಲ ನಿಚ್ಚಳವಾಯಿತು: ಗ್ರಂಥಿಯಿದ್ದ ಇಲಿಗಳಲ್ಲಿ ಪ್ರತಿಕಾಯ ಇಳಿದಿತ್ತು, ಇಲ್ಲದವುಗಳಲ್ಲಿ ಇಳಿದಿರಲಿಲ್ಲ.

"ನಿಮ್ಮಿಂದಾನೇ ಆಯ್ತಮ್ಮಾ!" ಡಾಕ್ಟರಮ್ಮ ಹಿಗ್ಗಿನಿಂದ ಆಕೆಯ ಕೈ ಹಿಡಿದುಕೊಂಡರು. ಗವಸಿನೊಳಗೆ ಹೆಬ್ಬೆರಳು ಮುಷ್ಟಿಯಲ್ಲಿ ಬಿಗಿದಿತ್ತು.

"ಚೆನ್ನಾಗಿ ಹೆದರಿದ್ವಾ?" ಎಂದಷ್ಟೇ ಇಲಿಯಮ್ಮ ಕೇಳಿದಳು.