ಅಪ್ಪ ಬಾಯಿ ಮುಚ್ಚಿಕೊಂಡು ಕೇಳಿದ ಕಛೇರಿ

ಅಪ್ಪ ಧಾರವಾಡದ ಬೈಠಕ್‌ಗಳಲ್ಲಿ ಮುಂದಿನ ಸಾಲಿಗೆ ಕೂತು ಸಂಗೀತ ಕೇಳಿದವರು. ಸ್ವರ ಸರಿಯಾಗಿ ಹತ್ತಿದಾಗ 'ವಾಹ್' ಅನ್ನದೆ ಸುಮ್ಮನಿರುವುದು ಅವರ ಲೆಕ್ಕದಲ್ಲಿ ಉಂಡೆದ್ದು ಮಾತಾಡದೆ ಹೋದ ಹಾಗೆ. ಹೀಗಾಗಿ ಅವರು ಬಂದಾಗಿನಿಂದ ಅಮೆರಿಕದ ಮಿಲ್ಪಿಟಾಸ್‌ನ ನಮ್ಮ ಟೌನ್‌ಹೌಸಿನಲ್ಲಿ ಮಗಳು ಪಿಟೀಲು ಹಿಡಿದು ನಿಂತರೆ ಸಾಕು, ಸೋಫಾದ ಕಡೆಯಿಂದ 'ವಾಹ್ ವಾಹ್' ಎಂದು ಮೆಚ್ಚುಗೆಯ ದಾದು ಶುರು. ಗೋಡೆಗೆ ಗೋಡೆ ಹತ್ತಿದ ಮನೆ. ಪಕ್ಕದವರು ಪಿಟೀಲನ್ನೇನೋ ಸಹಿಸಿಕೊಂಡಿದ್ದರು, ಅಪ್ಪನ ವಿಷಯ ಕೇಳುವ ಧೈರ್ಯ ನನಗಾಗಲಿಲ್ಲ.

ಆಗ ಮಗಳೂ ಅವಳ ಮೂವರು ಗೆಳತಿಯರೂ ಒಂದು ಕೃತಿ ತಯಾರಿ ಮಾಡುತ್ತಿದ್ದರು. ಬಹಳ ಹಿಂದೆ ವಿಯೆನ್ನಾದಲ್ಲಿದ್ದ ದೊಡ್ಡ ಸಂಗೀತಗಾರನೊಬ್ಬ ಕಿವಿ ಹೋದ ಮೇಲೆ, ಜೀವಕ್ಕೇ ಬಂದಿದ್ದ ಕಾಯಿಲೆಯಿಂದ ಎದ್ದು, ದೇವರಿಗೆ ಕೃತಜ್ಞತೆಯೆಂದು ಬರೆದದ್ದು. ಆಮೆಯ ನಡಿಗೆಯಲ್ಲಿ ಸಾಗುವ ಸಂಗೀತ. ನಡುವೆ ಒಂದು ಕಡೆ, ಮೈಯಲ್ಲಿ ಕಸುವು ತಿರುಗಿ ಬಂದವರ ಹಾಗೆ, ಚುರುಕಾಗಿ ಮೇಲೇಳುತ್ತದೆ. ಮಗಳು ಈ ಕಥೆಯನ್ನು ಇಂಗ್ಲಿಷಿನಲ್ಲಿ ಹೇಳಿದಳು, ನಾನು ಅಪ್ಪನಿಗೆ ಕನ್ನಡದಲ್ಲಿ ದಾಟಿಸಿದೆ. ಹಿಂದಿನ ವರ್ಷವಷ್ಟೇ ಎದೆಯ ಆಪರೇಷನ್ ಮುಗಿಸಿ ಎದ್ದಿದ್ದ ಅಪ್ಪ ಮರುದಿನದಿಂದ ಸಂಗೀತ ಮೇಲೇಳುವ ಆ ಜಾಗ ಬಂದಾಗಲೆಲ್ಲ ತೊಡೆ ತಟ್ಟಿ, "ಎದ್ದ ನೋಡು" ಅನ್ನತೊಡಗಿದರು.

ಕಛೇರಿ ಸ್ಯಾನ್ ಮಟಿಯೋದ ಒಂದು ಚರ್ಚಿನಲ್ಲಿ. ಹಿಂದಿನ ದಿನ ಮಗಳು ಅಡುಗೆಮನೆಗೆ ಬಂದು ನನ್ನ ಪಕ್ಕ ಸುಳಿದಾಡಿದಳು.

"ಅಮ್ಮಾ, ಪ್ಲೀಸ್, ಅಜ್ಜಂಗೆ ಹೇಳು. ಅಲ್ಲಿ ಯಾರೂ ಮಾತಾಡಲ್ಲ. ಮುಗಿದ್ಮೇಲೆ ಕ್ಲ್ಯಾಪ್ ಮಾಡ್ಬಹುದು."

ಹೇಳಿದೆ. ಅಪ್ಪ ಮೊಮ್ಮಗಳೇ ಹಿಂದೆ ಹೇಳಿದ್ದ ಇನ್ನೊಂದು ಕಥೆಯನ್ನು ನನ್ನ ಮೇಲೆಯೇ ಬಿಟ್ಟರು. ಅದೇ ಸಂಗೀತಗಾರನ ದೊಡ್ಡ ಕಛೇರಿಯೊಂದು ಮುಗಿದಾಗ ಜನರ ಚಪ್ಪಾಳೆ ಅವನಿಗೆ ಕೇಳಿಸಲೇ ಇಲ್ಲವಂತೆ. ಕೊನೆಗೆ ಹಾಡುಗಾರ್ತಿಯೊಬ್ಬಳು ಅವನನ್ನು ಹಿಡಿದು ಜನರ ಕಡೆ ತಿರುಗಿಸಿ ತೋರಿಸಿದಳಂತೆ.

"ಕಿವಿ ಕೇಳದವಗೂ ದಾದ್ ಬೇಕಾಗಿತ್ತು, ತಿಳೀತೇನು?"

"ಅದು ಕಛೇರಿ ಮುಗದ ಮ್ಯಾಲೆ, ಅಪ್ಪಾ."

"ಆತು ಬಿಡವಾ. ಮೊಮ್ಮಗಳ ಮಾತು ಮೀರಂಗಿಲ್ಲ. ಬಾಯಿಗೆ ಬೀಗ."

ಹುಟ್ಟುಗುಣ ಸುಟ್ಟರೂ ಹೋಗದು ಅಂತ ನಾನು ಅವರಿಗೆ ಅಂಟಿಕೊಂಡೇ ಕೂತೆ. ಚರ್ಚಿನಲ್ಲಿ ಯಾರಾದರೂ ಕೆಮ್ಮಿದರೂ ನಾಲ್ಕು ತಲೆ ತಿರುಗುವಷ್ಟು ನಿಶ್ಶಬ್ದ. ಆ ಜಾಗ ಬಂತು. ಮಗಳ ಬಿಲ್ಲು ಮೇಲೆದ್ದಿತು. ಅಪ್ಪನ ಕಣ್ಣು ತುಂಬಿತು, ಕೈ ಬಂದು ನನ್ನ ಮುಂಗೈಯನ್ನು ಬಳೆ ಸಮೇತ ಅದುಮಿ ಹಿಡಿಯಿತು. ನೋವಾಯಿತು. ಬಿಡಿಸಿಕೊಳ್ಳಲು ಮನಸ್ಸಾಗಲಿಲ್ಲ. ಅವರ ಬಾಯಿಂದ ಉಸಿರೂ ಹೊರಡಲಿಲ್ಲ.

ಮುಗಿದ ಮೇಲೆ ಎಲ್ಲರ ಜೊತೆ ಚಪ್ಪಾಳೆ ತಟ್ಟಿದರು, ಎಲ್ಲರಷ್ಟೇ ತಟ್ಟಿದರು. ಹೊರಗೆ ಇನ್ನೂ ಬಿಸಿಲಿತ್ತು. ಪಾರ್ಕಿಂಗ್ ಲಾಟಿನಲ್ಲಿ ಗೆಳತಿಯರ ಮನೆಯವರು ಹೊಗಳುತ್ತಿದ್ದರೂ ಮಗಳ ಮುಖ ಸಣ್ಣದಾಗಿತ್ತು. ಪಿಟೀಲಿನ ಪೆಟ್ಟಿಗೆಯನ್ನು ಎದೆಗೆ ಅವಚಿಕೊಂಡು ಅಜ್ಜನ ಎದುರು ನಿಂತಳು. ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರಿಸುವವಳು, ಅವತ್ತು ತಾನಾಗಿ ಕನ್ನಡದಲ್ಲಿ ಕೇಳಿದಳು.

"ಅಜ್ಜಾ, ಇವತ್ತು ಅವನು ಏಳ್ಲಿಲ್ವಾ?"

ಅಪ್ಪ ಕೈ ಚಾಚಿ ಅವಳ ತಲೆ ಸವರಿದರು. ನನಗೆ ಇಬ್ಬರ ಮೇಲೂ ಅಳು ಬರುವಷ್ಟು ಪ್ರೀತಿ ಬಂತು. ಮಗಳ ಭುಜ ಹಿಡಿದು ನನ್ನ ಕಡೆ ತಿರುಗಿಸಿದೆ. ಸ್ವೆಟರಿನ ತೋಳು ಮೇಲಕ್ಕೆ ಸರಿಸಿ ಮುಂಗೈ ತೋರಿಸಿದೆ. ಬಳೆ ಒತ್ತಿದ ಗೆರೆ, ಅದರ ಪಕ್ಕದಲ್ಲಿ ಅಜ್ಜನ ಬೆರಳಿನ ಗುರುತುಗಳು, ಇನ್ನೂ ಕೆಂಪಗಿದ್ದವು.

ಅವಳು ಅದರ ಮೇಲೆ ಮೆಲ್ಲಗೆ ಬೆರಳಾಡಿಸಿದಳು. "ಇದು ಯಾವ ಜಾಗದಲ್ಲಿ?" ಎಂದಳು.

"ಅದೇ ಜಾಗದಲ್ಲಿ," ಎಂದೆ.