ದೂಮಪ್ಪನ ಮರುಎಣಿಕೆ

ದೋಣಿಗಳು ತಂಗುವ ದಕ್ಕೆಯಲ್ಲಿ ಮೀನು ಎಣಿಸುವ ದೂಮಪ್ಪ ನನಗೆ ಮೊದಲು ಪರಿಚಯವಾದದ್ದು ವೈರಿಯಾಗಿ. ಕುದ್ರೋಳಿಯ ಶಾಲೆಯಲ್ಲಿ ಲೆಕ್ಕದ ಮೇಷ್ಟ್ರಾಗಿದ್ದ ನನ್ನ ಎಣಿಕೆಯನ್ನು ಆ ಮನುಷ್ಯ ಊರಿನೆದುರು ಪರೀಕ್ಷೆ ಮಾಡಿದ. ಆ ಸಿಟ್ಟು ಇಳಿಯಲು ನನಗೆ ಒಂದು ಮಧ್ಯಾಹ್ನ ಬೇಕಾಯಿತು.

ದೋಣಿ ದಡಕ್ಕೆ ತಾಗಿದ ಕೂಡಲೇ ಬಂಗುಡೆ, ಬೂತಾಯಿ ಮೀನುಗಳನ್ನು ನೂರರ ಲೆಕ್ಕದಲ್ಲಿ ಎಣಿಸಿ ಬುಟ್ಟಿಗೆ ಹಾಕುವುದು ಅವನ ಕೆಲಸ. ಎಡಗೈಯಲ್ಲಿ ಎರಡು, ಬಲಗೈಯಲ್ಲಿ ಮೂರು. ಇಪ್ಪತ್ತು ಸಲ ಎಸೆದರೆ ನೂರು. ಮೇಲಿಂದ ಕೊಸರು ಎಂದು ಎರಡು ಮೀನು ಹೆಚ್ಚಿಗೆ. ಕೊಸರು ಹಾಕದ ಬುಟ್ಟಿಯನ್ನು ದಕ್ಕೆಯಲ್ಲಿ ಯಾರೂ ತಲೆಗೆ ಎತ್ತಿಕೊಳ್ಳುವುದಿಲ್ಲ. ಮೂವತ್ತು ವರ್ಷಗಳಲ್ಲಿ ಅವನು ಎಣಿಸಿದ್ದನ್ನು ಮತ್ತೊಬ್ಬರು ಎಣಿಸಿ ನೋಡಿದ್ದಿಲ್ಲ. ಅವನಿಗಿದ್ದ ಆಸ್ತಿ ಅದೊಂದೇ. ಅದರ ಜಂಬವೂ ಸಾಕಷ್ಟಿತ್ತು.

ಅರವತ್ತರ ದಶಕದ ಒಂದು ಪುರಸಭೆ ಚುನಾವಣೆ. ಮೊದಲೆಲ್ಲ ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಪೆಟ್ಟಿಗೆ ಇರುತ್ತಿತ್ತು. ಬೇಕಾದವರ ಪೆಟ್ಟಿಗೆಗೆ ಚೀಟಿ ಹಾಕಿದರೆ ಮುಗಿಯಿತು. ಈ ಸಲ ಎಲ್ಲರಿಗೂ ಪೆಟ್ಟಿಗೆ ಒಂದೇ. ಚೀಟಿಯ ಮೇಲೆ ಎರಡು ಚಿತ್ರ, ಕೈಗೆ ಒಂದು ರಬ್ಬರ್ ಮೊಹರು. ದೋಣಿಯ ಗುರುತಿನಲ್ಲಿ ನಿಂತವರು ಒಣಮೀನಿನ ವ್ಯಾಪಾರಿ ಅಹ್ಮದ್ ಬಾವ, ದಕ್ಕೆಗೆಲ್ಲ ಬೇಕಾದವರು. ಕೊಡೆಯ ಗುರುತಿನಲ್ಲಿ ಹಂಚಿನ ವ್ಯಾಪಾರದ ಯೂಸ್ಟೇಸ್, ಕ್ರೈಸ್ತರನ್ನು ಕರೆಯುವ ವಾಡಿಕೆಯಂತೆ ಊರಿಗೆ ಪೊರ್ಬುಗಳು. ಚುನಾವಣೆ ಕೆಲಸಕ್ಕೆ ಹಾಕಿದ್ದ ನನ್ನ ಎಣಿಕೆ ಮುಗಿದಾಗ ಯೂಸ್ಟೇಸ್‌ಗೆ ಆರುನೂರ ಹನ್ನೆರಡು, ಬಾವರಿಗೆ ಆರುನೂರ ಹನ್ನೊಂದು. ತಿರಸ್ಕರಿಸಿದ ಚೀಟಿಗಳೂ ಹನ್ನೊಂದು.

ದಕ್ಕೆಯವರಿಗೆ ಮೈಯೆಲ್ಲ ಉರಿಯಿತು. ಪೆಟ್ಟಿಗೆ ಇಟ್ಟ ಕೋಣೆಯ ಕಿಟಕಿಗೆ ಚಿಲಕವೇ ಇರಲಿಲ್ಲವೆಂದು ಒಬ್ಬ, ಎಣಿಸಿದ ಮೇಷ್ಟ್ರಿಗೆ ಯೂಸ್ಟೇಸ್ ಪುಕ್ಕಟೆ ಹಂಚು ಕೊಟ್ಟಿದ್ದಾನೆಂದು ಇನ್ನೊಬ್ಬ. ನನ್ನ ಮನೆಗೆ ಹಂಚೇ ಇಲ್ಲ, ಮುಳಿಹುಲ್ಲಿನ ಮಾಡೆಂದು ಯಾರಿಗೆ ಹೇಳಲಿ? ಬಾವ ಮರುಎಣಿಕೆಗೆ ಅರ್ಜಿ ಕೊಟ್ಟರು. ದೂಮಪ್ಪ ನೋಡಿ ಸರಿ ಎಂದರೆ ಮಾತ್ರ ಒಪ್ಪುತ್ತೇವೆ, ಇಲ್ಲದಿದ್ದರೆ ಕಚೇರಿಯಿಂದ ಒಬ್ಬರನ್ನೂ ಹೊರಗೆ ಬಿಡುವುದಿಲ್ಲ ಎಂದು ಊರು ಹಟ ಹಿಡಿಯಿತು.

ಮರುದಿನ ದೂಮಪ್ಪ ಬಾವರ ಏಜೆಂಟನಾಗಿ ನನ್ನೆದುರು ಕುಳಿತ. ಚೀಟಿ ಮುಟ್ಟುವ ಹಾಗಿಲ್ಲವೆಂದು ಅಧಿಕಾರಿ ಹೇಳಿದ್ದಕ್ಕೆ, ಮುಟ್ಟದೆ ಎಣಿಸಲಿಕ್ಕೆ ಇದೆಂತ ನಕ್ಷತ್ರವಾ ಎಂದು ಕೇಳಿ, ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡ. ನಾನು ಬೆರಳಿಗೆ ಎಂಜಲು ಹಚ್ಚಿದಾಗಲೆಲ್ಲ ಮುಖ ಸಿಂಡರಿಸಿದ. ಎರಡು ಚೀಟಿ ಅಂಟಿಕೊಂಡದ್ದನ್ನು ನನಗಿಂತ ಮೊದಲು ಕಂಡ. ಮೂರು ಗಂಟೆ ಕಳೆದು ಲೆಕ್ಕ ಮೊದಲಿನಂತೆಯೇ ಬಂದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ.

ಕೊನೆಗೆ ತಿರಸ್ಕೃತ ಚೀಟಿಗಳನ್ನು ಒಂದೊಂದಾಗಿ ತೋರಿಸಿದೆ. ಹನ್ನೊಂದರಲ್ಲೂ ದೋಣಿಯ ಮೇಲೆ ಗಟ್ಟಿ ಮೊಹರು, ಕೊಡೆಯ ಮೇಲೆ ಮೆಲ್ಲಗೆ ತಾಗಿಸಿದ ಇನ್ನೊಂದು. ನಾಲ್ಕನೆಯದರ ಮೂಲೆಗೆ ಬೂತಾಯಿ ಮೀನಿನ ಒಂದು ಹುರುಪೆ ಅಂಟಿತ್ತು. ಅದನ್ನು ಕಂಡದ್ದೇ ದೂಮಪ್ಪ ತೊಡೆಯ ಕೆಳಗಿನಿಂದ ಕೈ ತೆಗೆದು ತನ್ನ ಬೆರಳುಗಳನ್ನು ನೋಡಿಕೊಂಡ. ಆಮೇಲೆ ಎದ್ದು ಹೊರಗೆ ಹೋದ.

ಅಂಗಳ ತುಂಬ ಜನ. ಎಣಿಕೆ ಸರಿ ಉಂಟು ಎಂದ. ಯಾರೂ ಎದುರಾಡಲಿಲ್ಲ. ಆದರೆ ಬಾವರ ಹೆಂಡತಿಯ ತಮ್ಮ ಇದಿನಬ್ಬ, ಕಿಟಕಿಯಲ್ಲಿ ಇಣುಕಿ ನೋಡಿದ್ದವನು, ಮುಂದೆ ಬಂದು, ಎಣಿಕೆ ಸರಿಯಿರಬಹುದು, ನಮ್ಮ ಹನ್ನೊಂದು ಚೀಟಿಗೆ ಎರಡನೇ ಮೊಹರು ಒತ್ತಿ ಹಾಳು ಮಾಡಿದವರು ಒಳಗೇ ಇದ್ದಾರೆ ಎಂದು ಕೂಗಿದ. ಜನ ಬಾಗಿಲಿಗೆ ನುಗ್ಗಿದರು. ನಾನು ಮೇಜಿನ ಹಿಂದೆ ಸರಿದೆ.

ದೂಮಪ್ಪ ಬಾಗಿಲಿಗೆ ಅಡ್ಡ ನಿಂತ. ಸುಮ್ಮನಿದ್ದರೆ ಅವನ ಹೆಸರು ಉಳಿಯುತ್ತಿತ್ತು, ನಮ್ಮ ಎಲುಬು ಉಳಿಯುತ್ತಿರಲಿಲ್ಲ.

"ಒಳಗಿನವರು ಒತ್ತಿದ್ದಲ್ಲ. ಅದರಲ್ಲಿ ಒಂದು ನನ್ನದು," ಎಂದ. "ಓಟು ಬಾವ ಸಾಯ್ಬರಿಗೇ ಹಾಕಿದ್ದು. ಆದರೆ ಯೂಸ್ಟೇಸ್ ಪೊರ್ಬುಗಳು ದಿನಾ ನಮ್ಮಲ್ಲಿ ಮೀನು ತೆಗೆದುಕೊಳ್ಳುವವರು. ಮನೆ ಬಾಗಿಲಿಗೆ ಬಂದು ಕೈಮುಗಿದಿದ್ದಾರೆ. ಬರಿಗೈಯಲ್ಲಿ ಕಳಿಸುವುದು ಹೇಗೆ ಮಾರಾಯ್ರೆ? ಅವರಿಗೊಂದು ಕೊಸರು ಹಾಕಿದೆ."

ಯಾರೋ ಕಿಸಕ್ಕೆಂದರು. ಮೂವತ್ತು ವರ್ಷ ಕಾಪಾಡಿಕೊಂಡ ಹೆಸರು ಆ ನಗುವಿನಲ್ಲಿ ಹೋಯಿತು. ಅವನು ತಲೆ ತಗ್ಗಿಸಿದ್ದು ನೋಡಿ ನನ್ನ ಸಿಟ್ಟು ಇಳಿಯಿತು. ಆಗ ಮೀನು ಮಾರುವ ಲಕ್ಷ್ಮೀ ಬುಟ್ಟಿ ಕೆಳಗಿಟ್ಟು, ಹಾಗೆ ಹಾಕಬಾರದಾ, ನಾನೂ ಹಾಕಿದ್ದೇನೆ ಎಂದಳು. ದೋಣಿ ನಡೆಸುವ ಅಂಗಾರ ಕೈಯೆತ್ತಿದ. ಮತ್ತೆ ಇಬ್ಬರು, ಮೂವರು. ಬಾವ ದೂಮಪ್ಪನಿಂದ ಶುರುಮಾಡಿ ಒಂದೊಂದೇ ಕೈ ಎಣಿಸುತ್ತಾ ಹೋದರು. ಹತ್ತಾಯಿತು, ಇನ್ನೊಂದು ಬಾಕಿ. ಯಾರೂ ನಗುತ್ತಿರಲಿಲ್ಲ. ಇದಿನಬ್ಬ ಮೆಲ್ಲಗೆ ಗುಂಪಿನ ಹಿಂದಕ್ಕೆ ಜಾರುತ್ತಿದ್ದ.

ಬಾವ ಅವನನ್ನೇ ನೋಡಿದರು. ಆಮೇಲೆ ಎಣಿಸುತ್ತಿದ್ದ ಬೆರಳನ್ನು ಮಡಚಿದರು.

"ಸಾಕು ದೂಮಣ್ಣ," ಎಂದರು. "ನಾನು ಸೋತದ್ದು ಸರಿ ಉಂಟು. ಇನ್ನೂ ಎಣಿಸಿದರೆ ನನಗೆ ಹೆಂಡತಿಯ ತವರುಮನೆಗೆ ಹೋಗಲಿಕ್ಕಿಲ್ಲ."