ಸೇನಾ ಮುಖ್ಯಸ್ಥರ ದರ್ಜಿ
ಸೇನಾ ಕಚೇರಿಯ ಹಿಂಬದಿಯ ಕೋಣೆಯಲ್ಲಿ ಮೂವತ್ತು ವರ್ಷದಿಂದ ಸಮವಸ್ತ್ರ ಹೊಲಿಯುತ್ತಿರುವ ದರ್ಜಿಯಜ್ಜನಿಗೆ ಹೊಸ ಮುಖ್ಯಸ್ಥರ ನೇಮಕವೆಂದರೆ ಹೊಸದೊಂದು ಸೊಂಟದ ಸುತ್ತಳತೆ, ಅಷ್ಟೇ. ಟೇಪು ಕೈಗೆ ಬಂದರೆ ಅವನ ಬಾಯಿಗೆ ಬೀಗವಿಲ್ಲ. ಎಂಥ ಶೂರರೂ ಅವನೆದುರು ಹೊಟ್ಟೆ ಒಳಗೆಳೆದುಕೊಂಡು ನಿಲ್ಲುವವರೇ. "ಉಸಿರು ಬಿಡಿ ಸಾಹೇಬ್ರೇ, ಎಷ್ಟು ವರ್ಷ ಹೀಗೇ ಹಿಡ್ಕೊಂಡಿರ್ತೀರಿ," ಎನ್ನುತ್ತಾನೆ. ಪತ್ರಿಕೆಯವರು ಗಡಿ, ಬಜೆಟ್ಟು, ಹಳೇ ಫಿರಂಗಿ ಎಂದು ಮುಂದಿನ ಸವಾಲುಗಳನ್ನು ಪಟ್ಟಿ ಮಾಡುವಷ್ಟರಲ್ಲಿ ಅವನು ಸೊಂಟದ ಹೊಲಿಗೆಯೊಳಗೆ ಎರಡು ಅಂಗುಲ ಬಟ್ಟೆ ಮಡಚಿಟ್ಟಿರುತ್ತಾನೆ: "ಚಿಂತೆ ಹತ್ತಿದ್ರೆ ಕೆಲವರು ಸೊರಗ್ತಾರೆ, ಕೆಲವರು ಊದ್ತಾರೆ. ಎರಡಕ್ಕೂ ಇರ್ಲಿ." ಹೆಂಡತಿ, "ಸೈನ್ಯ ನಡೆಸೋದು ನೀವೋ ಅವರೋ?" ಎಂದು ಕೆಣಕಿದರೆ, "ಅವರೇ ನಡೆಸ್ತಾರೆ ಕಣೆ, ಪ್ಯಾಂಟು ಜಾರದ ಹಾಗೆ ನಾನು ನೋಡ್ಕೋತೀನಿ," ಎನ್ನುತ್ತಾನೆ. ಈ ಸಲದ ಮುಖ್ಯಸ್ಥರು ಅಧಿಕಾರ ವಹಿಸಿಕೊಳ್ಳುವ ಹಿಂದಿನ ದಿನ ಕೋಟು ಒಯ್ಯಲು ತಾವೇ ಬಂದರು. ಅಜ್ಜ ಮಿಷಿನ್ನಿನಿಂದ ತಲೆ ಎತ್ತಲಿಲ್ಲ. ಅವನು ಹೊಲಿಯುತ್ತಿದ್ದ ಪ್ಯಾಂಟಿನ ಒಂದು ಕಾಲು ಮೊಣಕಾಲಿಗೇ ಮುಗಿದಿತ್ತು. "ಈ ಸಿಪಾಯಿ ಇವತ್ತು ಆಸ್ಪತ್ರೆಯಿಂದ ಮನೆಗೆ ಹೋಗ್ತಾನೆ ಸಾಹೇಬ್ರೇ. ಇದಾದ ಮೇಲೆ ನಿಮ್ದು," ಎಂದ. ಮುಖ್ಯಸ್ಥರು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು, ಗೋಡೆಬದಿಯ ಸ್ಟೂಲಿನ ಮೇಲೆ ಕುಳಿತು ಕಾದರು.